ಮಲೆಯ ಹಾದಿಯಲ್ಲಿ ಕಿಲ್ಟ್

ಸ್ಕಾಟ್ಲೆಂಡಿನ ಹೆಸರನ್ನು ಕೇಳಿದೊಡನೆ ಅನೇಕರ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಸೊಂಟದಿಂದ ಮೊಣಕಾಲಿನವರೆಗೆ ಇಳಿಬಿದ್ದ, ಬಣ್ಣಬಣ್ಣದ ಚೌಕಳಿಗಳುಳ್ಳ, ಹಿಂಭಾಗದಲ್ಲಿ ಒತ್ತಾಗಿ ನೆರಿಗೆ ಹಿಡಿದ ಉಡುಪನ್ನು ಧರಿಸಿ, ಬ್ಯಾಗ್‌ಪೈಪ್ ಎಂಬ ವಾದ್ಯವನ್ನು ಊದುತ್ತ ಸಾಲಾಗಿ ಸಾಗುವ ಗಂಡಸರ ಚಿತ್ರ ಅದು. ಈ ಉಡುಪೇ ಕಿಲ್ಟ್. ಮದುವೆ, ರಾಜಸಮಾರಂಭ, ಸೈನಿಕರ ಕವಾಯತು ಮುಂತಾದ ಸಂದರ್ಭಗಳಲ್ಲಿಯೇ ಅದು ಹೆಚ್ಚಾಗಿ ಕಣ್ಣಿಗೆ ಬೀಳುವುದರಿಂದ, ಕಿಲ್ಟ್ ಎಂದರೆ ಮೆರವಣಿಗೆಯ ವೇಷ ಎಂಬ ಭಾವನೆ ಬೇರೂರಿದೆ. ಬೆನ್ನಿಗೆ ಹೊರೆಯೇರಿಸಿ, ಕಿಲ್ಟ್ ಧರಿಸಿ ಬೆಟ್ಟವನ್ನೇರುವ ಚಾರಣಿಗನನ್ನು ಕಂಡರೆ ಜನರು ಮುಗುಳ್ನಗುವುದೂ ಇದೇ ಕಾರಣದಿಂದ. ಆದರೆ ಈ ಉಡುಪಿನ ಹುಟ್ಟನ್ನು ಬಲ್ಲವರಿಗೆ ಆ ಚಾರಣಿಗನಲ್ಲಿ ನಗುವಂಥದೇನೂ ಕಾಣದು. ಮೆರವಣಿಗೆಗೆ ಬರುವುದಕ್ಕೆ ಬಹಳ ಮೊದಲೇ ಕಿಲ್ಟ್ ಬೆಟ್ಟದಲ್ಲಿ ನಡೆಯುವವನ ಉಡುಪಾಗಿದ್ದಿತು.

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮ ಭಾಗಗಳನ್ನು ವ್ಯಾಪಿಸಿರುವ ಮಲೆಪ್ರದೇಶಕ್ಕೆ ಹೈಲ್ಯಾಂಡ್ಸ್ ಎಂದು ಹೆಸರು. ಬ್ರಿಟನ್ನಿನಲ್ಲಿಯೇ ಅತ್ಯುನ್ನತವಾದ, 1,345 ಮೀಟರ್ ಎತ್ತರದ ಬೆನ್ ನೆವಿಸ್ ಶಿಖರವಿರುವುದು ಇಲ್ಲಿಯೇ. ಅಟ್ಲಾಂಟಿಕ್ ಸಾಗರದಿಂದ ಬೀಸುವ ಗಾಳಿ ತರುವ ಮಳೆ ಈ ಮಲೆಗಳನ್ನು ವರ್ಷದ ಬಹುಭಾಗ ತೋಯಿಸುತ್ತಿರುತ್ತದೆ. ಕಣಿವೆಗಳಲ್ಲಿ ಕಾಲಿಟ್ಟರೆ ಕುಸಿಯುವ ಜೌಗುನೆಲ. ಹೆಜ್ಜೆ ಹೆಜ್ಜೆಗೂ ಅಡ್ಡ ಹರಿಯುವ ತೊರೆಗಳು. ಇಂತಹ ನೆಲದಲ್ಲಿ ದನಗಳನ್ನು ಹೊಡೆದುಕೊಂಡು ದಿನಗಟ್ಟಲೆ ನಡೆಯಬೇಕಾಗಿದ್ದವರು ಹದಿನಾರನೆಯ ಶತಮಾನದ ಅಂತ್ಯದ ವೇಳೆಗೆ ರೂಢಿಸಿಕೊಂಡ ಉಡುಪು ಹೊಲಿಗೆಯ ಕಟ್ಟಿಲ್ಲದ ದೊಡ್ಡ ಕಿಲ್ಟ್. ಸುಮಾರು ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಉಣ್ಣೆಯ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿ, ಪಟ್ಟಿಯಿಂದ ಬಿಗಿದು, ಉಳಿದ ಭಾಗವನ್ನು ಹೆಗಲಿಗೆ ಹೊದೆಯುತ್ತಿದ್ದರು. ಮಳೆ ಬಂದರೆ ಅದೇ ತಲೆಗೆ ಮುಸುಕು. ರಾತ್ರಿಯಾದರೆ ಅದೇ ಕಂಬಳಿ. ಕಾಲುಗಳು ಮಾತ್ರ ಬರಿದು. ತೊರೆಯನ್ನು ದಾಟಿದವನ ಕಾಲು ಆಚೆಯ ದಡದಲ್ಲಿ ಕ್ಷಣಮಾತ್ರದಲ್ಲಿ ಒಣಗುತ್ತಿತ್ತು. ಷರಾಯಿ ತೊಟ್ಟವನಾದರೋ ಒದ್ದೆಬಟ್ಟೆಯನ್ನು ಸಂಜೆಯವರೆಗೆ ಕಾಲಿಗಂಟಿಸಿಕೊಂಡೇ ನಡೆಯಬೇಕಾಗಿದ್ದಿತು. ನಾಟಿಯ ಗದ್ದೆಗೆ ಇಳಿಯುವ ಮುನ್ನ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವ ರೈತನನ್ನು ಕಂಡವರಿಗೆ ಈ ಜಾಣ್ಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಹೆಗಲ ಮೇಲಿನ ಭಾಗವನ್ನು ಬಿಟ್ಟು, ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಉಳಿಸಿಕೊಂಡ ಚಿಕ್ಕ ಕಿಲ್ಟ್ ಬಳಕೆಗೆ ಬಂದಿತು. ಅದನ್ನು ರೂಪಿಸಿದವನು ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣೋದ್ಯಮಿಯೆಂದು ಕೆಲವರೂ, ಅಲ್ಲವೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. ನಡೆಯುವವನಿಗೆ ಆ ವಾದದಿಂದ ಆಗಬೇಕಾದ್ದೇನೂ ಇಲ್ಲ. ಮುಖ್ಯವಾದುದು ಅನಂತರದ ಸಂಗತಿ. ಕುಲೊಡೆನ್ ಯುದ್ಧದಲ್ಲಿ ಬಂಡಾಯಗಾರರು ಸೋತ 1746ರಲ್ಲಿಯೇ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಪನ್ನು ನಿಷೇಧಿಸುವ ಶಾಸನವನ್ನು ಮಾಡಿತು. ಸೈನ್ಯದಲ್ಲಿದ್ದವರ ಹೊರತು ಬೇರೆ ಗಂಡಸರು ಕಿಲ್ಟ್ ಧರಿಸಿದರೆ ಮೊದಲ ಬಾರಿಗೆ ಆರು ತಿಂಗಳ ಸೆರೆವಾಸ; ಮತ್ತೆ ಧರಿಸಿದರೆ ಏಳು ವರ್ಷಗಳ ಗಡೀಪಾರು! ಡಂಕನ್ ಫೋರ್ಬ್ಸ್ ಎಂಬ ಹಿರಿಯ ನ್ಯಾಯಾಧೀಶನು ಬಂಡಾಯವನ್ನು ವಿರೋಧಿಸಿ ಸರಕಾರದ ಪಕ್ಷದಲ್ಲಿ ನಿಂತವನು. ಆದರೂ ಅದೇ ವರ್ಷ ಬರೆದ ಪತ್ರವೊಂದರಲ್ಲಿ ಆತ ಈ ನಿಷೇಧದ ಬಗೆಗೆ ತನ್ನ ಅಸಮ್ಮತಿಯನ್ನು ತಿಳಿಸಿದನು. ವೇಗವಾಗಿ ನಡೆಯುವುದಕ್ಕೂ, ನದಿಗಳನ್ನು ಹಾಯುವುದಕ್ಕೂ, ಕಾಡಿನಲ್ಲಿ ಬಂಡೆಯ ಮರೆಯಲ್ಲಿ ತಂಗುವುದಕ್ಕೂ ಆ ಉಡುಪು ತಕ್ಕುದಾಗಿದೆಯೆಂಬುದು ಅವನ ಅಭಿಪ್ರಾಯದ ಸಾರ. ಎದುರು ಪಕ್ಷದವನ ಬಾಯಿಂದ ಬಂದ ಈ ಮಾತಿಗೆ ಹೆಚ್ಚಿನ ಬೆಲೆಯಿದೆ.

ಆ ಶಾಸನವು 1782ರಲ್ಲಿ ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋ ನಗರಕ್ಕೆ ಭೇಟಿಯಿತ್ತಾಗ, ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಮುಂದೆ ನಿಂತು ಏರ್ಪಡಿಸಿದ ಸಮಾರಂಭದಲ್ಲಿ ಕಿಲ್ಟ್ ವಿಜೃಂಭಿಸಿತು. ಗೌರವವೇನೋ ದೊರೆಯಿತು, ಆದರೆ ಗೌರವದೊಡನೆ ಭಾರವೂ ಬಂದಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೊಲಿದ ಕಿಲ್ಟಿಗೆ ಸುಮಾರು 4 ಗಜ ಬಟ್ಟೆ ಸಾಕಾಗುತ್ತಿದ್ದರೆ, ಮುಂದೆ ಸಮಾರಂಭದ ಕಿಲ್ಟಿಗೆ 8 ಗಜ, ಎಂದರೆ ಏಳು ಮೀಟರಿಗೂ ಮಿಕ್ಕ ದಪ್ಪ ಉಣ್ಣೆಬಟ್ಟೆ ಬೇಕೆಂಬ ರೂಢಿ ಬೆಳೆಯಿತು. ಜೊತೆಗೆ ಅಗಲವಾದ ಚರ್ಮದ ಪಟ್ಟಿ, ಮುಂಭಾಗದಲ್ಲಿ ಸರಪಳಿಯಿಂದ ತೂಗುವ ಸ್ಪೊರಾನ್ ಎಂಬ ಚೀಲ. ಈ ಸರಂಜಾಮನ್ನೆಲ್ಲ ಹೊತ್ತು ಬೆಟ್ಟವೇರಿ ಬಳಲಿದವನು, ಕಿಲ್ಟ್ ನಡಿಗೆಗೆ ಒಗ್ಗದೆಂದು ದೂರಿದರೆ ಅದು ಕಿಲ್ಟಿನ ದೋಷವಲ್ಲ, ಸಮಾರಂಭದ ದೋಷ.

ನಡಿಗೆಯಲ್ಲಿ ಕಿಲ್ಟ್ ಕೊಡುವ ಸುಖವಾದರೂ ಯಾವುದು? ಏರುದಾರಿಯಲ್ಲಿ ಕಾಲನ್ನು ಎತ್ತಿಡುವಾಗ ಷರಾಯಿಯ ಬಟ್ಟೆ ಮೊಣಕಾಲನ್ನು ಹಿಡಿದೆಳೆಯುತ್ತದೆ. ಬೆವರಿನಿಂದ ಒದ್ದೆಯಾದರಂತೂ ಪ್ರತಿ ಹೆಜ್ಜೆಯಲ್ಲಿಯೂ ಆ ಎಳೆತದ ಅನುಭವವಾಗುತ್ತದೆ. ಕಿಲ್ಟಿನಲ್ಲಿ ಮೊಣಕಾಲು ಸ್ವತಂತ್ರ. ಹಿಂಭಾಗದ ನೆರಿಗೆಗಳು ಹೆಜ್ಜೆ ಚಾಚಿದಂತೆ ಬಿಚ್ಚಿಕೊಂಡು, ಹೆಜ್ಜೆ ಕೂಡಿದಂತೆ ಮಡಿಚಿಕೊಳ್ಳುತ್ತವೆ. ಆ ಚಲನೆಯಿಂದ ಒಳಗೆ ಗಾಳಿಯಾಡುತ್ತ ಬೆವರು ಆರುತ್ತದೆ. ಉಣ್ಣೆಗೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡೂ ಮೈಗೆ ತಣ್ಣಗೆ ತಾಕದಿರುವ ಗುಣವಿದೆ. ಆದರೆ ಪೂರ್ಣವಾಗಿ ನೆನೆದ ದಪ್ಪ ಉಣ್ಣೆ ಬಹಳ ಭಾರ, ಒಣಗುವುದೂ ನಿಧಾನ. ಆದುದರಿಂದ ಇಂದಿನ ಚಾರಣಿಗರಲ್ಲಿ ಹಲವರು ಹಗುರವಾದ, ಬೇಗ ಒಣಗುವ ಕೃತಕ ನೂಲಿನ ಕಿಲ್ಟನ್ನು ಆರಿಸಿಕೊಳ್ಳುತ್ತಾರೆ. ಅದರಲ್ಲಿ ಚೌಕಳಿಯಿರದೆ ಹೋಗಬಹುದು, ಪಕ್ಕಗಳಲ್ಲಿ ಜೇಬುಗಳಿರಬಹುದು. ಸಂಪ್ರದಾಯಸ್ಥರು ಇದನ್ನು ಕಿಲ್ಟೇ ಅಲ್ಲವೆನ್ನುತ್ತಾರೆ. ಆದರೆ ದನಗಾಹಿಗಳ ಉದ್ದೇಶಕ್ಕೆ ಹೆಚ್ಚು ಸಮೀಪವಾಗಿರುವುದು ಇದೇ ಎಂದು ಹೇಳದೆ ವಿಧಿಯಿಲ್ಲ.

ಬೆನ್ನಹೊರೆಯೊಡನೆ ಕಿಲ್ಟನ್ನು ಹೊಂದಿಸುವುದು ಮಾತ್ರ ಸ್ವಲ್ಪ ವಿಚಾರ ಮಾಡಬೇಕಾದ ವಿಷಯ. ಇಂದಿನ ಚಾರಣಚೀಲಗಳ ಭಾರದ ಬಹುಪಾಲು ಹೆಗಲಿನ ಮೇಲಲ್ಲ, ಸೊಂಟಪಟ್ಟಿಯ ಮೂಲಕ ಸೊಂಟದ ಮೂಳೆಗಳ ಮೇಲೆ ಕೂರುತ್ತದೆ. ಸಾಂಪ್ರದಾಯಿಕ ಕಿಲ್ಟಿನ ಚರ್ಮದ ಬಿಗಿಪಟ್ಟಿಗಳೂ ಲೋಹದ ಬಕಲುಗಳೂ ಇರುವುದು ಇದೇ ಸ್ಥಳದ ಆಸುಪಾಸಿನಲ್ಲಿ. ಹತ್ತು ಹದಿನೈದು ಕಿಲೋಗ್ರಾಮ್ ಹೊರೆ ಗಂಟೆಗಟ್ಟಲೆ ಬಕಲನ್ನು ಮೈಗೆ ಒತ್ತಿದರೆ ಚರ್ಮ ಕೆಂಪಾಗಿ ಬೊಬ್ಬೆಯೇಳುತ್ತದೆ. ಇದಕ್ಕಾಗಿಯೇ ಚಾರಣದ ಕಿಲ್ಟಿನಲ್ಲಿ ಬಕಲಿನ ಬದಲು ಚಪ್ಪಟೆಯಾದ ಅಂಟುಪಟ್ಟಿ ಅಥವಾ ಒತ್ತುಗುಂಡಿಗಳನ್ನು ಇರಿಸುತ್ತಾರೆ. ಅಗಲವಾದ ನಡುಪಟ್ಟಿಯನ್ನು ಮನೆಯಲ್ಲಿಯೇ ಬಿಡುವುದು ಲೇಸು. ಚೀಲದ ಸೊಂಟಪಟ್ಟಿಯೇ ಕಿಲ್ಟನ್ನು ಹಿಡಿದು ನಿಲ್ಲಿಸುತ್ತದೆ. ಸ್ಪೊರಾನ್ ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುವುದರಿಂದ ಅದರ ಗೊಡವೆಯೂ ಬೇಡ. ಚೀಲವನ್ನು ಬೆನ್ನಿಗೇರಿಸುವಾಗ ನೆರಿಗೆಗಳನ್ನು ಕೈಯಿಂದ ಕೆಳಕ್ಕೆ ನೀವಿ ನೇರಗೊಳಿಸಿದ ಬಳಿಕವೇ ಪಟ್ಟಿಯನ್ನು ಬಿಗಿಯಬೇಕು. ಇಲ್ಲವಾದರೆ ಮುದುಡಿದ ನೆರಿಗೆಯ ಮಡಿಕೆಯೊಂದು ಬೆನ್ನಿನ ಕೆಳಭಾಗವನ್ನು ಇಡೀ ದಿನ ಒತ್ತುತ್ತಿರುತ್ತದೆ.

ದೀರ್ಘ ನಡಿಗೆಯಲ್ಲಿ ತೊಡೆಗಳು ಒಂದಕ್ಕೊಂದು ಉಜ್ಜಿ ಉರಿಯುವುದನ್ನು ತಡೆಯಲು, ಮೈಗೆ ಹೊಂದಿದ ಉದ್ದನೆಯ ಒಳಚಡ್ಡಿಯನ್ನು ಧರಿಸುವುದು ಅವಶ್ಯ. ಕಿಲ್ಟಿನ ಒಳಗೆ ಏನನ್ನೂ ಧರಿಸಬಾರದೆಂಬ ಹಳೆಯ ಹಾಸ್ಯದ ಮಾತನ್ನು ಬೆಟ್ಟದ ಗಾಳಿ ಬಹುಬೇಗ ಮರೆಸುತ್ತದೆ.

ಆಕ್ಷೇಪಗಳಿಲ್ಲವೆಂದಲ್ಲ. ಹೈಲ್ಯಾಂಡ್ಸಿನ ಜರೀಗಿಡಗಳ ನಡುವೆ ಉಣ್ಣಿಗಳಿರುತ್ತವೆ. ಅವು ಕಚ್ಚುವುದರಿಂದ ಲೈಮ್ ಎಂಬ ರೋಗ ಹರಡುವ ಸಂಭವವುಂಟು. ಬೇಸಿಗೆಯಲ್ಲಿ ಮಿಜ್ ಎಂಬ ಸಣ್ಣ ನೊಣಗಳ ಹಾವಳಿ ಹೇಳತೀರದು. ಮೊಣಕಾಲಿನವರೆಗಿನ ಉದ್ದನೆಯ ಕಾಲುಚೀಲಗಳು ಅರ್ಧ ರಕ್ಷಣೆ ಕೊಡುತ್ತವೆ. ಉಳಿದರ್ಧಕ್ಕೆ, ಸಂಜೆ ತಂಗಿದ ಕೂಡಲೇ ಕಾಲುಗಳನ್ನು ಪರೀಕ್ಷಿಸಿ ನೋಡುವುದೇ ಉಪಾಯ. ಒಂದನೆಯ ಮಹಾಯುದ್ಧದ ಕಂದಕಗಳಲ್ಲಿ ಕಿಲ್ಟ್ ಧರಿಸಿದ ಸೈನಿಕರ ಅನುಭವ ಇದಕ್ಕಿಂತ ಕಠೋರವಾದುದು. ಕೆಸರು ಮೆತ್ತಿದ ಅಂಚು ಚಳಿಗೆ ಹೆಪ್ಪುಗಟ್ಟಿ ಮೊಣಕಾಲಿನ ಹಿಂಬದಿಯನ್ನು ಕೊಯ್ಯುತ್ತಿತ್ತು. ನೆರಿಗೆಗಳಲ್ಲಿ ಹೇನುಗಳು ಮನೆಮಾಡಿದ್ದವು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ರಣರಂಗದ ಉಡುಪಿನಿಂದ ಅದನ್ನು ಕೈಬಿಟ್ಟುದು ಯೋಗ್ಯವೇ ಆಗಿದ್ದಿತು. ನಿಂತಲ್ಲಿಯೇ ಕೆಸರಿನಲ್ಲಿ ವಾರಗಟ್ಟಲೆ ಕಾಯುವವನ ಅಗತ್ಯ ಬೇರೆ, ನಡೆಯುವವನ ಅಗತ್ಯ ಬೇರೆ.

1980ರಲ್ಲಿ ಉದ್ಘಾಟನೆಗೊಂಡ ವೆಸ್ಟ್ ಹೈಲ್ಯಾಂಡ್ ವೇ ಎಂಬ 154 ಕಿಲೋಮೀಟರ್ ಉದ್ದದ ಕಾಲುದಾರಿ ದನಗಾಹಿಗಳ ಹಳೆಯ ಹಾದಿಗಳನ್ನೂ ಒಳಗೊಂಡು ಬೆನ್ ನೆವಿಸ್ ಶಿಖರದ ಬುಡದವರೆಗೆ ಸಾಗುತ್ತದೆ. ಅಲ್ಲಿ ಕಿಲ್ಟ್ ಧರಿಸಿ ನಡೆಯುವವನು ಯಾವ ಹೊಸ ವೇಷವನ್ನೂ ತೊಟ್ಟಿಲ್ಲ. ಮುಳ್ಳುಪೊದೆಗಳ ದಾರಿ ಬಂದಾಗಲೋ ಹಿಮ ಬಿದ್ದಾಗಲೋ ಆತ ಷರಾಯಿ ತೊಟ್ಟರೆ ಅದರಿಂದ ಪರಂಪರೆಗೆ ಕುಂದಾಗುವುದೂ ಇಲ್ಲ. ಹಿಂದಿನ ಹೈಲ್ಯಾಂಡ್ ಪ್ರಮುಖರು ಕುದುರೆಯೇರುವ ದಿನ ಟ್ರೂಸ್ ಎಂಬ ಬಿಗಿಯಾದ ಚೌಕಳಿಯ ಷರಾಯಿಯನ್ನು ತೊಡುತ್ತಿದ್ದರು. ಕಿಲ್ಟನ್ನು ಉಡುತ್ತಿದ್ದುದು ನಡೆಯಬೇಕಾದ ದಿನಗಳಲ್ಲಿ.