ಮಾತು ಓಡ್ತಿತ್ತು, ಬೋರ್ಡ್ ನಿಂತಿತ್ತು

ದೀಪಾವಳಿಗೆ ಊರಿಗೆ ಹೋದಾಗ ಬ್ಯಾಗ್ ಇಳಿಸೋ ಮೊದಲೇ ಅಪ್ಪ ಶುರು ಮಾಡಿದ್ರು. "ನಿನ್ ತಂಗಿಗೆ ಓದೋ ಮನಸ್ಸಿಲ್ಲ ಕಣೋ. ಲ್ಯಾಪ್‌ಟಾಪ್ ಮುಂದೆ ಕೂತ್ರೆ ಅರ್ಧ ಗಂಟೆ, ಆಮೇಲೆ ಎದ್ದೇಬಿಡ್ತಾಳೆ. ಸಂಕ್ರಾಂತಿ ಕಳೀಲಿ, ಗಂಡು ನೋಡೋಕೆ ಶುರು ಮಾಡೋಣ."

ತಂಗಿ ಬಿ.ಕಾಂ. ಮುಗಿಸಿ ಒಂದು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದ್ತಿದ್ದಾಳೆ. ತಿಪಟೂರು ಹತ್ತಿರದ ನಮ್ಮೂರಿಂದ ಬೆಂಗಳೂರಿನ ಕೋಚಿಂಗ್‌ಗೆ ದಿನಾ ಓಡಾಡೋಕಾಗಲ್ಲ, ಪಿಜಿಯಲ್ಲಿ ಬಿಡೋಕೆ ಅಪ್ಪ ಒಪ್ಪಲ್ಲ. ಹಾಗಾಗಿ ಯೂಟ್ಯೂಬ್ ಪಾಠವೇ ಗತಿ. ಫೋನಲ್ಲಿ ನೋಡಿದ್ರೆ "ರೀಲ್ಸ್ ನೋಡ್ತಾಳೆ" ಅನ್ನೋ ಮಾತು ಬರುತ್ತೆ. ಉಳಿದಿದ್ದು 2012ರಲ್ಲಿ ನಾನು ಇಂಜಿನಿಯರಿಂಗ್ ಸೇರಿದಾಗ ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಕೊಡಿಸಿದ ಲ್ಯಾಪ್‌ಟಾಪ್. ಬ್ಯಾಟರಿ ಸತ್ತು ವರ್ಷಗಳಾಗಿವೆ. ಚಾರ್ಜರ್ ಹಾಕಿದ್ರೆ ಮಾತ್ರ ಜೀವ.

ನಾಲ್ಕೈದು ತಿಂಗಳಿಂದ ಅವಳು ಫೋನಲ್ಲಿ "ಅಣ್ಣಾ, ವಿಡಿಯೋ ನಿಂತು ನಿಂತು ಬರುತ್ತೆ" ಅಂತಿದ್ಲು. ನಾನು ಮೀಟಿಂಗ್‌ಗೆ ಓಡೋ ಅವಸರದಲ್ಲಿ "ನೆಟ್ ಸ್ಲೋ ಇರ್ಬೇಕು, ಕೇಬಲ್‌ನವರಿಗೆ ಹೇಳು" ಅಂದುಬಿಟ್ಟೆ. ಅಪ್ಪ ಮರುದಿನವೇ ಹೋಗಿ 40 ಎಂಬಿಪಿಎಸ್ ಪ್ಲಾನನ್ನ 100ಕ್ಕೆ ಏರಿಸಿ ಬಂದ್ರು. ತಿಂಗಳಿಗೆ 300 ರೂಪಾಯಿ ಜಾಸ್ತಿ. ವಿಡಿಯೋ ಮಾತ್ರ ಹಾಗೇ ನಿಲ್ತಿತ್ತು. ಅಲ್ಲಿಗೆ ಅಪ್ಪನ ಲೆಕ್ಕ ಸರಳವಾಯ್ತು: ಮಗ ಹೇಳಿದ ರಿಪೇರಿ ಆಗಿದೆ, ಆದ್ರೂ ಮಗಳು ಕೂರ್ತಿಲ್ಲ, ಅಂದ್ರೆ ಇದು ನೆಪ. ನಿಜ ಹೇಳಬೇಕಂದ್ರೆ ನಾನೂ ಹಾಗೇ ಅಂದ್ಕೊಂಡಿದ್ದೆ.

ಅವತ್ತು ರಾತ್ರಿ ಊಟ ಆದ್ಮೇಲೆ ಅವಳ ಪಕ್ಕ ಕೂತೆ. ಮೆಂಟಲ್ ಎಬಿಲಿಟಿ ಪಾಠ. ಮೇಷ್ಟ್ರು "ಇಲ್ಲಿ ನೋಡಿ, ಇದನ್ನ ಈ ಕಡೆ ತಂದ್ರೆ ಮೈನಸ್ ಆಗುತ್ತೆ" ಅಂತಿದ್ದಾರೆ, ಬೋರ್ಡ್ ಮೇಲೆ ಇನ್ನೂ ಹಿಂದಿನ ಲೆಕ್ಕವೇ ಇದೆ. ಧ್ವನಿ ಸರಾಗ, ಚಿತ್ರ ಕಲ್ಲು. ಐದಾರು ಸೆಕೆಂಡ್ ಬಿಟ್ಟು ಬೋರ್ಡ್ ಒಂದೇ ಸಲ ಹಾರಿ ಉತ್ತರಕ್ಕೆ ಬಂತು. ಮಧ್ಯದ ನಾಲ್ಕು ಸ್ಟೆಪ್ ಎಲ್ಲಿ ಹೋದವೋ! "ದಿನಾ ಹೀಗೇನಾ?" ಅಂದೆ. "ಹೀಗೇ. ಅರ್ಧ ಗಂಟೆ ಆದ್ಮೇಲೆ ಇನ್ನೂ ಜಾಸ್ತಿ. ತಲೆ ಸಿಡಿಯುತ್ತೆ, ಎದ್ದುಬಿಡ್ತೀನಿ" ಅಂದ್ಲು. ದೂರೋ ದನಿಯಲ್ಲೇನಲ್ಲ. ದೂರೋದನ್ನ ಬಿಟ್ಟು ಎಷ್ಟು ದಿನ ಆಗಿತ್ತೋ.

ನೆಟ್ ಸಾಲದಿದ್ರೆ ಧ್ವನಿ, ಚಿತ್ರ ಎರಡೂ ನಿಂತು ನಡುವೆ ಚಕ್ರ ತಿರುಗುತ್ತೆ. ಧ್ವನಿ ಓಡ್ತಾ ಚಿತ್ರ ಮಾತ್ರ ನಿಂತ್ರೆ, ಬಂದ ಮಾಲನ್ನ ಬಿಚ್ಚೋಕೆ ಕಂಪ್ಯೂಟರ್‌ಗೆ ಆಗ್ತಿಲ್ಲ ಅಂತ. ಇದನ್ನ ಫೋನಲ್ಲೇ ಒಂದು ಪ್ರಶ್ನೆ ಕೇಳಿ ತಿಳ್ಕೋಬಹುದಿತ್ತು. ಆಫೀಸಲ್ಲಿ ಜೂನಿಯರ್‌ಗಳಿಗೆ "ಲಾಗ್ ನೋಡದೆ ಊಹೆ ಮಾಡ್ಬೇಡಿ" ಅಂತ ಪಾಠ ಹೇಳೋನು ನಾನು.

ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆಗೆದೆ. ಬಫರ್ ಹೆಲ್ತ್ 40 ಸೆಕೆಂಡ್, ಅಂದ್ರೆ ಮುಂದಿನ 40 ಸೆಕೆಂಡಿನ ಪಾಠ ಆಗಲೇ ಮನೆಗೆ ಬಂದು ಕೂತಿದೆ. ನೆಟ್ ಪಾಪ, ನಿರಪರಾಧಿ. ಆದ್ರೆ ಡ್ರಾಪ್ಡ್ ಫ್ರೇಮ್ಸ್ ಅನ್ನೋ ಸಂಖ್ಯೆ ನೋಡ್ತಿದ್ದಂಗೆ ಏರ್ತಿತ್ತು, ಮೂರರಲ್ಲೊಂದು ಫ್ರೇಮ್ ಬಿದ್ದುಹೋಗ್ತಿತ್ತು. ಕೋಡೆಕ್ ಅನ್ನೋ ಸಾಲಲ್ಲಿ 'ಎವಿ01' ಅಂತಿತ್ತು.

ವಿಡಿಯೋ ನಮಗೆ ಬರೋದು ಒತ್ತಿ ಚಿಕ್ಕದು ಮಾಡಿದ ಗಂಟಾಗಿ. ಒತ್ತೋ ವಿಧಾನವೇ ಕೋಡೆಕ್. ಎಚ್.264 ಬಂದಿದ್ದು 2003ರಲ್ಲಿ, ವಿಪಿ9 2013ರಲ್ಲಿ, ಎವಿ1 2018ರಲ್ಲಿ. ಹೊಸದು ಬಂದಂಗೆಲ್ಲ ಅದೇ ಚಿತ್ರಕ್ಕೆ ಡೇಟಾ ಕಡಿಮೆ ಸಾಕು, ಆದ್ರೆ ಬಿಚ್ಚೋ ಕೆಲಸ ಜಾಸ್ತಿ. ನಮ್ಮ ಲ್ಯಾಪ್‌ಟಾಪಿನ 2ನೇ ತಲೆಮಾರಿನ ಐ3 ಚಿಪ್ಪಲ್ಲಿ ಎಚ್.264 ಬಿಚ್ಚೋಕೆ ಅಂತಲೇ ಒಂದು ಪುಟ್ಟ ಯಂತ್ರ ಇದೆ. ರಾಗಿ ಮಿಲ್ ಇದ್ದಂಗೆ, ಹಾಕಿದ್ರೆ ಬೀಸಿ ಕೊಡುತ್ತೆ. ವಿಪಿ9ಗೆ ಅಂಥ ಪೂರ್ತಿ ಮಿಲ್ ಬಂದಿದ್ದು 7ನೇ ತಲೆಮಾರಿಗೆ, ಎವಿ1ಗೆ 11ನೇ ತಲೆಮಾರಿಗೆ. ಮಿಲ್ ಇಲ್ದಿದ್ರೆ ಬೀಸೋಕಲ್ಲೇ ಗತಿ, ಪ್ರೊಸೆಸರ್ರೇ ಪ್ರತಿ ಫ್ರೇಮನ್ನೂ ಕೈಯಾರೆ ಬೀಸ್ಬೇಕು.

ಸಾಲದ್ದಕ್ಕೆ ತಂಗಿ ಪಾಠ ನೋಡೋದು 2x ವೇಗದಲ್ಲಿ. ಸಿಲೆಬಸ್ ಮುಗೀಬೇಕಲ್ಲ, ಪರೀಕ್ಷೆಗೆ ಓದೋರೆಲ್ಲ ಹಾಗೇ ನೋಡೋದು. ಸೆಕೆಂಡಿಗೆ 30 ಫ್ರೇಮ್ ಇರೋ ವಿಡಿಯೋ ಆಗ 60 ಆಗುತ್ತೆ. ಒಂದು ಫ್ರೇಮ್ ಬಿಚ್ಚೋಕೆ 33 ಮಿಲಿಸೆಕೆಂಡ್ ಇದ್ದಿದ್ದು 16ಕ್ಕೆ ಇಳಿಯುತ್ತೆ. ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಪ್ರೊಸೆಸರ್ ನೂರಕ್ಕೆ ನೂರು. ಫ್ಯಾನ್ ಮಿಕ್ಸಿ ಥರ ಕಿರುಚ್ತಿತ್ತು.

ಮೊದಲು ಬ್ರೌಸರ್ ಸೆಟ್ಟಿಂಗ್ಸ್ ನೋಡಿದೆ. ಸಿಸ್ಟಮ್ ವಿಭಾಗದಲ್ಲಿ 'ಯೂಸ್ ಗ್ರಾಫಿಕ್ಸ್ ಆಕ್ಸಲರೇಶನ್' ಅನ್ನೋದು ಆಫ್ ಆಗಿತ್ತು, ಅಂದ್ರೆ ಇದ್ದ ಒಂದು ಮಿಲ್ಲಿಗೂ ಬೀಗ. ಹಾಕಿದ್ದು ಯಾರು? ನಾನೇ. ಯಾವತ್ತೋ ಸ್ಕ್ರೀನ್ ಮಿನುಗುತ್ತೆ ಅಂತ ಆಫ್ ಮಾಡಿ ಮರೆತಿದ್ದೆ. ಆನ್ ಮಾಡಿ ಬ್ರೌಸರ್ ಮುಚ್ಚಿ ತೆಗೆದೆ. ಆಮೇಲೆ 'ಎನ್‌ಹ್ಯಾನ್ಸ್ಡ್ ಎಚ್264ಇಫೈ' ಅನ್ನೋ ಎಕ್ಸ್‌ಟೆನ್ಶನ್ ಹಾಕಿ ವಿಪಿ9, ಎವಿ1 ಎರಡನ್ನೂ ಬ್ಲಾಕ್ ಮಾಡಿದೆ. "ನಮಗೆ ಹಳೇದೇ ಕೊಡಿ" ಅಂತ ಬ್ರೌಸರ್ ಕೈಲಿ ಹೇಳಿಸೋದು, ಅಷ್ಟೇ. ಕೋಡೆಕ್ ಸಾಲು 'ಎವಿಸಿ1' ಆಯ್ತು, ಅದು ಎಚ್.264ರ ಇನ್ನೊಂದು ಹೆಸರು. ಇದರಲ್ಲಿ 1080ಪಿಗಿಂತ ಮೇಲಿನ ಗುಣಮಟ್ಟ ಸಿಗಲ್ಲ, ಡೇಟಾ ಸ್ವಲ್ಪ ಜಾಸ್ತಿ ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡೋರು ಇದನ್ನ ನೆನಪಿಡಿ. ನಮ್ಮ ಸ್ಕ್ರೀನ್ ಇರೋದೇ 1366x768, ಕ್ವಾಲಿಟಿಯನ್ನ 720ಪಿಗೆ ಕಟ್ಟಿಹಾಕಿದೆ.

ಪ್ರೊಸೆಸರ್ 100ರಿಂದ 40ಕ್ಕೆ ಬಂತು. ಮೇಷ್ಟ್ರ ಕೈ, ಬಾಯಿ ಎರಡೂ ಒಟ್ಟಿಗೆ ಓಡಿದ್ವು. ತಂಗಿ ಏನೂ ಹೇಳ್ಲಿಲ್ಲ. ಅದೇ ಲೆಕ್ಕವನ್ನ ಹಿಂದಕ್ಕೆ ಎಳೆದು ಇನ್ನೊಂದ್ಸಲ ನೋಡಿದ್ಲು, ನಾಲ್ಕು ಸ್ಟೆಪ್ಪೂ ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು.

'ಅರ್ಧ ಗಂಟೆ ಆದ್ಮೇಲೆ ಜಾಸ್ತಿ' ಅನ್ನೋದು ಬಾಕಿ ಇತ್ತು. ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ ಲ್ಯಾಪ್‌ಟಾಪ್ ಬಿಚ್ಚಿದೆ. ಗಾಳಿ ಹೊರಹೋಗೋ ಕಿಂಡಿಗೆ ಹತ್ತಿಯ ಹಾಸಿಗೆ ಹಾಕ್ದಂಗೆ ಧೂಳು. ಬಿಸಿ ಮಿತಿ ಮೀರಿದ್ರೆ ಪ್ರೊಸೆಸರ್ ತನ್ನನ್ನ ಕಾಪಾಡ್ಕೊಳ್ಳೋಕೆ ತಾನೇ ವೇಗ ಇಳಿಸ್ಕೊಳ್ಳುತ್ತೆ. ಅವಳು ಏಳ್ತಿದ್ದ ಹೊತ್ತೂ, ಇದು ಸುಸ್ತಾಗ್ತಿದ್ದ ಹೊತ್ತೂ ಒಂದೇ. ಬ್ರಶ್‌ನಲ್ಲಿ ಕ್ಲೀನ್ ಮಾಡಿ, ಒಣಗಿ ಹೋಗಿದ್ದ ಥರ್ಮಲ್ ಪೇಸ್ಟ್ ಬದಲಾಯಿಸಿದೆ. (ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಇದಕ್ಕೆ ಅಧಿಕೃತವಾಗಿ ಕೂರಲ್ಲ. ಪರೀಕ್ಷೆ ಮುಗಿದ ಮೇಲೆ ಲಿನಕ್ಸ್ ಮಿಂಟ್ ಹಾಕೋ ಯೋಚನೆ ಇದೆ.)

ಅಪ್ಪ ಜಗುಲಿಯಲ್ಲಿ ಪೇಪರ್ ಓದ್ತಾ ನೋಡ್ತಿದ್ರು. "ಅಪ್ಪಾ, ಅವಳು ನೆಪ ಹೇಳಿದ್ದಲ್ಲ. ನಾನು ನೋಡ್ದೆ ನೆಟ್ ಅಂದ್ಬಿಟ್ಟೆ. ತಪ್ಪು ನಂದು" ಅಂದೆ. ಪೇಪರ್ ಮಡಚಿದ್ರು. "ಹಂಗಾದ್ರೆ ಆ 300 ರೂಪಾಯಿ?" "ದಂಡ." ಇನ್ನೇನೂ ಮಾತಾಡ್ಲಿಲ್ಲ. ಒಳಗೆ ಹೋಗಿ, ತಮ್ಮ ರೂಮಿನ ಟೇಬಲ್ ಫ್ಯಾನ್ ತಂದು ಅವಳ ಮೇಜಿನ ಪಕ್ಕ ಇಟ್ರು. ಲ್ಯಾಪ್‌ಟಾಪ್ ಕಡೆ ತಿರುಗಿಸಿ.

ಮೊನ್ನೆ ಭಾನುವಾರ ಅಪ್ಪನೇ ಫೋನ್ ಮಾಡಿದ್ರು. ಪ್ಲಾನ್ ವಾಪಸ್ 40ಕ್ಕೆ ಇಳಿಸಿದ್ದಾರಂತೆ. ಗಂಡಿನ ವಿಷಯ ಎತ್ತಲಿಲ್ಲ, ನಾನೂ ಕೇಳ್ಲಿಲ್ಲ. ಫೋನ್ ಇಡೋ ಮುಂಚೆ ಮಾತ್ರ ಕೇಳಿದ್ರು, "ಆ ಧೂಳು ಹೊಡೆಯೋದು ಇನ್ನ್ಯಾವಾಗ? ನನಗೆ ಹೇಳ್ಕೊಡು, ನಾನೇ ಮಾಡ್ತೀನಿ."