ಅರ್ಧ ‘ಊಹೂಂ’

ಮಕ್ಕಳೇ, ಕಳೆದ ವಾರ ನನ್ನ ಮೊಮ್ಮಗ ನನಗೇ ಒಂದು ಪರೀಕ್ಷೆ ಇಟ್ಟ. ಕುರ್ಚಿಯಲ್ಲಿ ನೇರವಾಗಿ ಕೂರಿಸಿ, “ಅಜ್ಜಿ, ಭುಜ ಅಲ್ಲಾಡಿಸಬಾರದು. ಬಾಯಿ ಬಿಡದೆ ‘ಹೂಂ’ ಅನ್ನು” ಎಂದ. ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. “ಪಾಸ್! ಈಗ ‘ಊಹೂಂ’ ಅನ್ನು” ಎಂದ. ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದೆ. ಮೂಗು ಅರ್ಧದಾರಿಯಲ್ಲೇ ನಿಂತಿತು. ಅವನು ತಿರುಗಿಸಿದರೆ ಗಲ್ಲ ಹೆಚ್ಚುಕಡಿಮೆ ಭುಜದ ಮೇಲೇ ಹೋಗುತ್ತದೆ.

“ಅಜ್ಜಿಗೆ ಅರ್ಧ ಊಹೂಂ ಮಾತ್ರ ಬರೋದು!” ಎಂದು ಮನೆಯೆಲ್ಲ ಕುಣಿದಾಡಿದ. ಆಮೇಲೆ ಯಾಕೋ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತು ಕೇಳಿದ, “ಆಪರೇಷನ್ ಮಾಡಿ ಡಾಕ್ಟರು ನಿನ್ನ ಕತ್ತು ಹಾಳು ಮಾಡಿಬಿಟ್ಟರಾ ಅಜ್ಜಿ?”

ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ನಮ್ಮ ಕತ್ತಿನಲ್ಲಿ ಏಳು ಮೂಳೆಗಳಿವೆ. ಅಷ್ಟುದ್ದ ಕತ್ತಿನ ಜಿರಾಫೆಗೂ ಏಳೇ! ಇವುಗಳಲ್ಲಿ ಮೇಲಿನ ಎರಡರ ಆಕಾರವೇ ಬೇರೆ. ಮೊದಲನೆಯದು ಬಳೆಯ ಹಾಗಿದೆ. ಗ್ರೀಕರ ಕಥೆಯಲ್ಲಿ ಆಕಾಶವನ್ನು ಹೊತ್ತು ನಿಂತ ದೈತ್ಯನ ಹೆಸರು ಇದಕ್ಕೆ: ಅಟ್ಲಾಸ್. ನಮ್ಮ ಆದಿಶೇಷ ಭೂಮಿಯನ್ನು ಹೊತ್ತಂತೆ ಇದು ನಮ್ಮ ತಲೆಯನ್ನು ಹೊರುತ್ತದೆ. ತಲೆಬುರುಡೆಗೂ ಇದಕ್ಕೂ ನಡುವೆ ಇರುವ ಕೀಲೇ ‘ಹೂಂ’ ಕೀಲು.

ಎರಡನೆಯ ಮೂಳೆ ಆಕ್ಸಿಸ್. ಇದನ್ನು ವಿವರಿಸಲು ನಾನು ಮೊಮ್ಮಗನಿಗೆ ಹಿತ್ತಲಿನ ಬೀಸುಕಲ್ಲು ತೋರಿಸಿದೆ. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ ಅಲ್ಲವೇ? ಹಾಗೆಯೇ ಆಕ್ಸಿಸ್‌ನಿಂದ ಗೂಟದಂಥ ಮೂಳೆಯೊಂದು ಮೇಲಕ್ಕೆ ಎದ್ದಿದೆ. ಅಟ್ಲಾಸ್ ಬಳೆ ತಲೆಯನ್ನೂ ಹೊತ್ತುಕೊಂಡು ಆ ಗೂಟದ ಸುತ್ತ ತಿರುಗುತ್ತದೆ. ಇದು ‘ಊಹೂಂ’ ಕೀಲು. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಭಾಗ ಈ ಒಂದೇ ಕಡೆ ಆಗುತ್ತದೆ. ಉಳಿದರ್ಧವನ್ನು ಕೆಳಗಿನ ಕೀಲುಗಳು ಹಂಚಿಕೊಳ್ಳುತ್ತವೆ.

ಗೂಟ ಜಾಗ ಬಿಟ್ಟು ಜಾರದಂತೆ ಅದರ ಹಿಂದೆ ಗಟ್ಟಿಯಾದ ನಾರಿನ ಪಟ್ಟಿಯೊಂದಿದೆ. ಪಟ್ಟಿಯ ಹಿಂದೆಯೇ ಬೆನ್ನುಹುರಿ. ಕೈಕಾಲಿಗೆ ಮಿದುಳಿನ ಅಪ್ಪಣೆ ಹೋಗುವ ದಾರಿ ಅದು. ಬಹಳ ವರ್ಷಗಳಿಂದ ನನ್ನ ಬೆರಳುಗಳನ್ನು ಊದಿಸಿದ್ದ ಸಂಧಿವಾತ ಸದ್ದಿಲ್ಲದೆ ಆ ಪಟ್ಟಿಯನ್ನೂ ಸಡಿಲ ಮಾಡಿತ್ತು. ಅಕ್ಕಿ ಆರಿಸಲು ತಲೆ ತಗ್ಗಿಸಿದರೆ ಕೈ ಜುಮ್ಮೆನ್ನುತ್ತಿತ್ತು. ರವಿಕೆಯ ಹುಕ್ಕು ಹಾಕಲು ಬೆರಳು ಕೇಳುತ್ತಿರಲಿಲ್ಲ. ನಡೆದರೆ ಕಾಲು ತಡವರಿಸುತ್ತಿತ್ತು. “ವಯಸ್ಸಾಯಿತು, ಇನ್ನೇನು” ಎಂದು ತಿಂಗಳುಗಟ್ಟಲೆ ಸುಮ್ಮನಿದ್ದೆ. ಅದು ನನ್ನದೇ ತಪ್ಪು. ಕೊನೆಗೆ ಡಾಕ್ಟರು ತಲೆ ತಗ್ಗಿಸಿ ಒಂದು, ಎತ್ತಿ ಒಂದು ಎಕ್ಸ್‌ರೇ ತೆಗೆಸಿದರು. ತಗ್ಗಿಸಿದಾಗ ಬಳೆ ಮುಂದಕ್ಕೆ ಜಾರಿ ಬೆನ್ನುಹುರಿಯ ಜಾಗ ಕಿರಿದಾಗುತ್ತಿತ್ತು.

ಆ ಎರಡು ಮೂಳೆಗಳನ್ನು ಹಿಂದಿನಿಂದ ಸ್ಕ್ರೂ ಮತ್ತು ಸರಳು ಹಾಕಿ ಬಿಗಿದರು. ನಡುವೆ ಮೂಳೆಯ ಚೂರುಗಳನ್ನಿಟ್ಟರು. ಕೆಲವು ತಿಂಗಳಲ್ಲಿ ಎರಡೂ ಬೆಸೆದುಕೊಂಡವು. ಎರಡು ಮೂಳೆಗೂ ಬೇರೆ ಬೇರೆ ಸ್ಕ್ರೂ ಹಾಕಿ ಬಿಗಿಯುವ ವಿಧಾನವನ್ನು 1994ರಲ್ಲಿ ಪ್ರಕಟಿಸಿದವರಲ್ಲಿ ಮುಂಬೈನ ಡಾ. ಅತುಲ್ ಗೋಯಲ್ ಪ್ರಮುಖರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದಕ್ಕೆ ಇನ್ನೊಂದು ರೂಪ ಕೊಟ್ಟರು. ಇಂದು ಎಷ್ಟೋ ದೇಶಗಳಲ್ಲಿ ಇಬ್ಬರ ಹೆಸರನ್ನೂ ಸೇರಿಸಿಯೇ ಈ ವಿಧಾನವನ್ನು ಕರೆಯುತ್ತಾರೆ.

ಬೀಸುಕಲ್ಲಿನ ಎರಡೂ ಕಲ್ಲನ್ನು ಬಿಗಿದು ಕಟ್ಟಿದರೆ ಅದು ತಿರುಗೀತೇ? ಅದಕ್ಕೇ ನನ್ನ ಊಹೂಂ ಅರ್ಧವಾಯಿತು. ‘ಹೂಂ’ ಕೀಲನ್ನು ಮುಟ್ಟಲಿಲ್ಲ, ಹಾಗಾಗಿ ಹೂಂ ಬಹುಪಾಲು ಉಳಿಯಿತು. ಕೆಳಗಿನ ಕೀಲುಗಳು ಸ್ವಲ್ಪ ಮಟ್ಟಿಗೆ ಕೈಜೋಡಿಸುತ್ತವೆ. ಮಿಕ್ಕಿದ್ದಕ್ಕೆ ಕಣ್ಣು, ಭುಜ, ಸೊಂಟ ಇವೆ.

“ಡಾಕ್ಟರು ಹಾಳು ಮಾಡಲಿಲ್ಲ ಕಂದಾ. ಅರ್ಧ ಊಹೂಂ ತೆಗೆದುಕೊಂಡು ನನ್ನ ಕೈಕಾಲು ಉಳಿಸಿಕೊಟ್ಟರು” ಎಂದೆ. ಅವನು ಏನೂ ಹೇಳಲಿಲ್ಲ. ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದ.

ಹಿರಿಯರೇ, ಸಂಧಿವಾತದ ಜೊತೆ ಕತ್ತು ನೋವು, ಕೈ ಜೋಮು, ನಡಿಗೆಯಲ್ಲಿ ತೂರಾಟ ಬಂದರೆ ನನ್ನ ಹಾಗೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ, ಬೇಗ ಡಾಕ್ಟರಿಗೆ ಹೇಳಿ. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಕೆ ತೆಗೆಸುವ ತಾತಂದಿರೇ, ಆ ಅಭ್ಯಾಸ ಬಿಟ್ಟುಬಿಡಿ. ಮಕ್ಕಳೇ, ನನ್ನಂಥವರನ್ನು ಹಿಂದಿನಿಂದ ಥಟ್ಟನೆ ಕೂಗಬೇಡಿ, ಮುಂದೆ ಬಂದು ಮಾತಾಡಿಸಿ. ರಸ್ತೆ ದಾಟುವಾಗ ನಾವು ಮೈಯನ್ನೇ ತಿರುಗಿಸಿ ಎರಡೂ ಕಡೆ ನೋಡಬೇಕು. ಕೈ ಹಿಡಿದುಕೊಂಡು ಸ್ವಲ್ಪ ಕಾಯಿರಿ.

ಅಂದು ರಾತ್ರಿ ಮೊಮ್ಮಗ ಮತ್ತೆ ಬಂದ. “ಅಜ್ಜಿ, ಒಂದು ಗಂಟೆ ಮೊಬೈಲ್ ನೋಡಲಾ?” ನಾನು ತಲೆ ತಿರುಗಿಸಿದೆ. “ಅರ್ಧ ಊಹೂಂ! ಅಂದರೆ ಅರ್ಧ ಗಂಟೆ ನೋಡಬಹುದು!” ಎಂದ.

“ಕತ್ತಿಗೆ ಸ್ಕ್ರೂ ಹಾಕಿದ್ದಾರೆ ಕಣೋ, ನಾಲಿಗೆಗೆ ಹಾಕಿಲ್ಲ. ಹೋಗಿ ಮಲಗು!” ಎಂದೆ.