ಗೆಜ್ಜೆ ಕಟ್ಟಿದ ಗಾರೆ ಕೆಲಸದವರು

ಇಂಗ್ಲಿಷರ ಕುಣಿತವೆಂದರೆ ನಮ್ಮಲ್ಲಿ ಬಹುಮಂದಿಗೆ ಕ್ಲಬ್ಬಿನ ಬಾಲ್‌ರೂಮೇ ಕಣ್ಣಿಗೆ ಕಟ್ಟುವುದು. ಆ ದೇಶದ ಹಳ್ಳಿಯ ಗಂಡಸರು ಬಿಳಿಯ ಉಡುಪು ತೊಟ್ಟು, ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿ, ಕೋಲನ್ನೋ ಕರವಸ್ತ್ರವನ್ನೋ ಹಿಡಿದು ನಡುಬೀದಿಯಲ್ಲಿ ಕುಣಿಯುವುದುಂಟೆಂದರೆ ಯಾರು ನಂಬುತ್ತಾರೆ? ಇದೇ ಮಾರಿಸ್ ಕುಣಿತ. ಮೂವರು ಮೂವರಂತೆ ಎರಡು ಸಾಲು, ಬದಿಗೊಬ್ಬ ವಾದ್ಯಗಾರ. ಕೋಲಾಟ ಕಂಡವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಆಕ್ಸ್‌ಫರ್ಡಿನ ಮಗ್ಗುಲಲ್ಲಿ ಹೆಡಿಂಗ್ಟನ್ ಕ್ವಾರಿ ಎಂಬ ಊರಿದೆ. ಹಿಂದೆ ಇಟ್ಟಿಗೆ ಸುಡುವವರ ಊರು. 1899ರ ಡಿಸೆಂಬರ್ 26ರಂದು ಅಲ್ಲಿಯ ತಂಡ ಒಂದು ಮನೆಯ ಮುಂದೆ ಕುಣಿಯಿತು. ಅದು ಕುಣಿತದ ಕಾಲವಲ್ಲ. ಬೇಸಗೆಯ ಮೊದಲಿನ ವಿಟ್ಸನ್ ಹಬ್ಬವೇ ಅದರ ಕಾಲ. ಆದರೆ ಚಳಿಗೆ ಕಟ್ಟಡದ ಕೆಲಸ ನಿಂತಿತ್ತು, ನಾಲ್ಕು ಕಾಸು ಬೇಕಾಗಿತ್ತು. ಆ ಮನೆಗೆ ನೆಂಟನಾಗಿ ಬಂದಿದ್ದ ಸಂಗೀತದ ಮೇಷ್ಟ್ರು ಸೆಸಿಲ್ ಶಾರ್ಪ್ ಕಿಟಕಿಯಿಂದ ನೋಡಿ ಬೆರಗಾದ. ಮರುದಿನ ವಾದ್ಯಗಾರ ವಿಲಿಯಂ ಕಿಂಬರನನ್ನು ಕರೆಸಿ ರಾಗಗಳನ್ನು ಬರೆದುಕೊಂಡ. ಕಿಂಬರ್ ಗಾರೆ ಕೆಲಸದವನು. ನುಡಿಸುತ್ತಿದ್ದುದು ಕಾನ್ಸರ್ಟಿನಾ, ನಮ್ಮ ಹಾರ್ಮೋನಿಯಮ್ಮಿನ ಪುಟ್ಟ ತಮ್ಮ ಎನ್ನಬಹುದು.

ಅಂದು ಕುಣಿದದ್ದು ಐದು: ಲಾಡ್‌ನಮ್ ಬಂಚಸ್, ಬೀನ್ ಸೆಟ್ಟಿಂಗ್, ಕಾನ್‌ಸ್ಟಂಟ್ ಬಿಲ್ಲಿ, ಬ್ಲೂ ಐಡ್ ಸ್ಟ್ರೇಂಜರ್, ರಿಗ್ಸ್ ಒ ಮಾರ್ಲೋ. ಬೀನ್ ಸೆಟ್ಟಿಂಗ್ ಎಂದರೆ ಅವರೆಕಾಳು ನಾಟಿಯಂಥದು! ಬಗ್ಗಿ ಕೋಲಿನ ತುದಿಯನ್ನು ನೆಲಕ್ಕೆ ಊರುವುದು, ಕಾಳಿಗೆ ಕುಳಿ ತೋಡಿದ ಹಾಗೆ. ಮರುಕ್ಷಣ ಎದ್ದು ಜೊತೆಗಾರನ ಕೋಲಿಗೆ ತಾಗಿಸುವುದು. ಲಾಡ್‌ನಮ್ ಬಂಚಸ್‌ನಲ್ಲಿ ಕೋಲಿಲ್ಲ, ಕರವಸ್ತ್ರ. ಇವಲ್ಲದೆ ಟ್ರಂಕಲ್ಸ್, ಕಂಟ್ರಿ ಗಾರ್ಡನ್ಸ್ ಮುಂತಾದವೂ ಇವೆ. ಒಬ್ಬನೇ ಕುಣಿಯುವ ಜಿಗ್ ಬೇರೆ. ಕಂಟ್ರಿ ಗಾರ್ಡನ್ಸ್ ರಾಗವನ್ನು ಶಾರ್ಪ್ ಪಡೆದದ್ದು ಕಿಂಬರನಿಂದ. ಮುಂದೆ ಪರ್ಸಿ ಗ್ರೇಂಜರ್ ಅದನ್ನು ಪಿಯಾನೋಗೆ ಅಳವಡಿಸಿ ಲೋಕಪ್ರಸಿದ್ಧ ಮಾಡಿದ.

ಸ್ವಾರಸ್ಯವೆಂದರೆ ಕುಣಿತದ ಹೆಸರು ಒಂದೇ ಆದರೂ ಊರೂರಿಗೆ ಬೇರೆ. ಕಾನ್‌ಸ್ಟಂಟ್ ಬಿಲ್ಲಿಯನ್ನು ಹೆಡಿಂಗ್ಟನ್ನಿನಲ್ಲಿ ಕೋಲು ಹಿಡಿದು ಕುಣಿದರೆ, ಅದೇ ಸೀಮೆಯ ಬ್ಯಾಂಪ್ಟನ್ನಿನವರು ಕೋಲನ್ನು ಮುಟ್ಟುವವರೇ ಅಲ್ಲ, ಎಲ್ಲಕ್ಕೂ ಕರವಸ್ತ್ರವೇ. ಚಟ್ನಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ವಾದ ಓದುಗರಿಗೆ ನೆನಪಾದರೆ ಆಶ್ಚರ್ಯವಿಲ್ಲ.

ಜಗಳವೂ ಆಯಿತು. 1905ರಲ್ಲಿ ಮೇರಿ ನೀಲ್ ಎಂಬಾಕೆ ಲಂಡನ್ನಿನ ಬಡ ದುಡಿಮೆಯ ಹುಡುಗಿಯರ ಎಸ್ಪೆರೆನ್ಸ್ ಕ್ಲಬ್ಬಿಗೆ ಕಿಂಬರನನ್ನು ಕರೆಸಿ ಈ ಕುಣಿತ ಕಲಿಸಿದಳು. ಹುಡುಗಿಯರು ಕಲಿತರು, ಊರೂರಿಗೆ ಹೋಗಿ ಇತರರಿಗೂ ಕಲಿಸಿದರು. ಶಾರ್ಪನಿಗೆ ಅಸಮಾಧಾನ. ಹೆಜ್ಜೆ ಒಂದಿಷ್ಟೂ ತಪ್ಪಕೂಡದು, ಇದ್ದದ್ದು ಇದ್ದಂತೆಯೇ ಉಳಿಯಬೇಕೆಂಬುದು ಅವನ ವಾದ. ಕುಣಿಯುವವರ ಉಲ್ಲಾಸವೇ ಮುಖ್ಯವೆಂದು ಆಕೆಯದು. ‘ಯಥಾಪ್ರತಿ’ ಬರೆದು ಹೊಟ್ಟೆ ಹೊರೆಯುವ ನನ್ನಂಥ ಗುಮಾಸ್ತನು ಶಾರ್ಪನ ಪಕ್ಷ ಹಿಡಿಯಬೇಕು. ಆದರೂ ಮನಸ್ಸು ಮೇರಿ ನೀಲಳ ಕಡೆಗೇ ವಾಲುತ್ತದೆ. ಹುಡುಗಿಯರು ಕಲಿಯದಿದ್ದರೆ ಆ ಹೆಜ್ಜೆಗಳು ಪುಸ್ತಕದಲ್ಲೇ ಮಲಗಿರುತ್ತಿದ್ದವೋ ಏನೋ. ಕಿಂಬರನಾದರೋ ಕೊನೆಗೆ ಶಾರ್ಪನ ಪಕ್ಷಕ್ಕೇ ಸೇರಿದ. ತನ್ನ ತಂದೆಯೂ ಕುಣಿದ ಹೆಜ್ಜೆ ಸಡಿಲವಾಗುವುದನ್ನು ಅವನು ಸಹಿಸಲಾರ, ಅದೂ ಸಹಜವೇ.

ಪುಸ್ತಕವೂ ಬೇಕಾಗಿತ್ತು ಎಂಬುದನ್ನು 1916 ತೋರಿಸಿತು. ಶಾರ್ಪನ ಪ್ರದರ್ಶನ ತಂಡದ ನಾಲ್ವರು ತರುಣರು ಯುದ್ಧದಲ್ಲಿ ಮಡಿದರು. ಸಂಗೀತರಚನಕಾರ ಜಾರ್ಜ್ ಬಟರ್‌ವರ್ತ್ ಅವರಲ್ಲೊಬ್ಬ. ಕಿಂಬರ್ ಮಾತ್ರ ದೀರ್ಘಾಯು. 1961ರಲ್ಲಿ ತೀರಿಕೊಂಡ, ಅದೂ ಡಿಸೆಂಬರ್ 26ರಂದೇ.

ಹೆಡಿಂಗ್ಟನ್ ತಂಡ ಈಗಲೂ ಇದೆ. ಆಕ್ಸ್‌ಫರ್ಡಿನಲ್ಲಿ ಮಗನೋ ಮಗಳೋ ಓದುತ್ತಿರುವ ಮನೆಯವರು ಕ್ರಿಸ್ಮಸ್ಸಿನ ಮರುದಿನ ಕ್ವಾರಿಯ ಕಡೆಗೊಮ್ಮೆ ಹೋಗಿ ಬರಲು ಅವರಿಗೆ ಬರೆಯಿರಿ. ಕಂಬಳಿಯ ಕೋಟು ಮರೆಯಬಾರದು. ಕುಣಿಯುವವರಿಗೆ ಚಳಿಯಾಗುವುದಿಲ್ಲ, ನಿಂತು ನೋಡುವವರಿಗಾಗುತ್ತದೆ.